ಮೇಷ್ಟರ ಯಂತ್ರವೂ ಹೊಸ ಹುಡುಗನೂ

"ಸಂಬಳವಿಲ್ಲ, ಸಾರಿಗೆಯಿಲ್ಲ, ರಾತ್ರಿ ಹನ್ನೆರಡು ಹೊಡೆದರೂ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಇದನ್ನು ಕೆಲಸವೆನ್ನಬೇಕೋ ಹುಚ್ಚೆನ್ನಬೇಕೋ, ನೀವಾದರೂ ಹೇಳಿ!"

ಹೀಗೆಂದು ಅತ್ತಿಗೆಯವರು ಕಾಫಿಯ ಲೋಟವನ್ನು ನನ್ನ ಮುಂದಿಡುತ್ತ ದೂರು ಹೇಳಿದರು. ಆಪಾದಿತನಾದ ಅಣ್ಣನ ಮಗ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಹಗಲು ಅವನು ಒಂದು ಕಂಪನಿಯಲ್ಲಿ ದುಡಿಯುತ್ತಾನೆ, ಅದಕ್ಕೆ ಸಂಬಳವುಂಟು. ರಾತ್ರಿಯ ಕೆಲಸಕ್ಕೆ ಬಿಡಿಗಾಸೂ ಇಲ್ಲ. ಅದು ಮುಕ್ತ ತಂತ್ರಾಂಶದ ಕೆಲಸ. ಎಂದರೆ, ಬರೆದವರು ತಮ್ಮ ಪ್ರೋಗ್ರಾಮಿನ ಮೂಲ ಬರಹವನ್ನೇ ಎಲ್ಲರ ಎದುರು ತೆರೆದಿಟ್ಟಿರುತ್ತಾರೆ. ಬೇಕಾದವರು ಬಳಸಬಹುದು, ಓದಬಹುದು, ತಪ್ಪು ಕಂಡರೆ ತಿದ್ದಿ ಆ ತಿದ್ದುಪಡಿಯನ್ನು ಮೂಲಕರ್ತೃವಿಗೆ ಕಳುಹಿಸಬಹುದು. ಊರ ಕೆರೆಯ ಹೂಳೆತ್ತಲು ಮನೆಗೊಬ್ಬರಂತೆ ಬರುವ ಪದ್ಧತಿಯನ್ನು ವಾಚಕರು ಹಿರಿಯರಿಂದ ಕೇಳಿರಬಹುದು. ಇದೂ ಅಂಥದೇ. ಆದರೆ ಇಲ್ಲಿ ಬರದೆ ಹೋದವರನ್ನು ಕೇಳುವ ಪಂಚಾಯಿತಿ ಇಲ್ಲ.

ನಾನು ನ್ಯಾಯಾಧೀಶನ ಗಾಂಭೀರ್ಯವನ್ನು ತಂದುಕೊಂಡು ಒಳಕ್ಕೆ ಹೋದೆ. ಹುಡುಗ ಸಪ್ಪಗಿದ್ದ.

"ಏನಯ್ಯಾ, ಎಷ್ಟು ಜನ ಸೇರಿ ಹೂಳೆತ್ತುತ್ತಿದ್ದೀರಿ?" ಎಂದೆ.

"ನಾನೊಬ್ಬನೇ, ಚಿಕ್ಕಪ್ಪ. ಇನ್ನೊಬ್ಬ ಬಂದಿದ್ದ. ಹೋದ."

ಬಂದವನು ಏಕೆ ಹೋದನೆಂಬುದೇ ಈ ವಾರದ ವಿಷಯ. ಅದನ್ನು ಹೇಳಬೇಕಾದರೆ ಮೊದಲು ಆ ಪ್ರೋಗ್ರಾಮು ಏನು ಮಾಡುತ್ತದೆಂಬುದನ್ನು ಹೇಳಬೇಕು.

ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಕನ್ನಡವನ್ನು ಬೆರಳಚ್ಚು ಮಾಡಿದವರಿಗೆ ಈ ಕಷ್ಟ ತಿಳಿದಿದೆ. ಆಗ ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ ಸ್ಥಾನಗಳಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದರು. ಅದೇ ಫಾಂಟು ಇರುವ ಯಂತ್ರದಲ್ಲಿ ಎಲ್ಲವೂ ಚೆನ್ನ. ಇಲ್ಲದ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಈಗ ಲೋಕದ ಎಲ್ಲ ಲಿಪಿಗಳಿಗೂ ಯೂನಿಕೋಡ್ ಎಂಬ ಒಂದೇ ಸಂಕೇತಪದ್ಧತಿ ಬಂದಿದೆ. ಹಳೆಯ ಕಡತಗಳನ್ನು ಈ ಪದ್ಧತಿಗೆ ಪರಿವರ್ತಿಸುವುದೇ ನಮ್ಮ ಹುಡುಗನ ಪ್ರೋಗ್ರಾಮಿನ ಉದ್ಯೋಗ. ಕೇಳಲು ಸುಲಭ. ಮಾಡಹೋದರೆ ಅರ್ಕಾವತ್ತು ಎದುರು ನಿಲ್ಲುತ್ತದೆ. ನಾವು ಅದನ್ನು ಉಚ್ಚರಿಸುವುದು ವ್ಯಂಜನಕ್ಕೆ ಮೊದಲು, ಬರೆಯುವುದು ವ್ಯಂಜನದ ನಂತರ. ಹಳೆಯ ಫಾಂಟುಗಳು ಬರೆಯುವ ಕ್ರಮವನ್ನು ಹಿಡಿದವು, ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಹಿಡಿಯಿತು. ಆದುದರಿಂದ ಪ್ರೋಗ್ರಾಮು ಪ್ರತಿಯೊಂದು ಅರ್ಕಾವತ್ತನ್ನೂ ಎತ್ತಿ ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು. 'ಅರ್ಘ್ಯ', 'ಮರ್ತ್ಯ' ಇಂಥ ಪದಗಳಲ್ಲಿ ನಡುವೆ ಒತ್ತಕ್ಷರವೂ ಇರುವುದರಿಂದ ಒಂದು ಹೆಜ್ಜೆ ಸಾಲದು, ಎರಡು ಬೇಕು. ಹುಡುಗನ ಪ್ರೋಗ್ರಾಮು ಎಡವುತ್ತಿದ್ದುದು ಅಲ್ಲಿಯೇ.

ಬೇರೆ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ಮುಖ ಕಂಡವನಲ್ಲ, ಈ ತಪ್ಪನ್ನು ಸರಿಪಡಿಸಿ ತಾನಾಗಿಯೇ ಕಳುಹಿಸಿದ. ಅಂದವಾಗಿಯೇ ಬರೆದಿದ್ದ. ಆದರೆ ಪ್ರೋಗ್ರಾಮು ಪೈಥಾನ್ ಎಂಬ ಭಾಷೆಯಲ್ಲಿದೆ, ಅದರ 3.8ನೆಯ ಆವೃತ್ತಿಯಲ್ಲಿ ನಡೆಯಲೇಬೇಕೆಂಬುದು ನಮ್ಮ ಹುಡುಗನ ನಿಯಮ. ಬಂದ ವಿದ್ಯಾರ್ಥಿ 2021ರಲ್ಲಿ 3.10ನೆಯ ಆವೃತ್ತಿಯೊಡನೆ ಬಂದ 'ಮ್ಯಾಚ್' ಎಂಬ ವಾಕ್ಯರಚನೆಯನ್ನು ಬಳಸಿದ್ದ. ಹಳೆಯ ಆವೃತ್ತಿಗೆ ಅದು ಅರ್ಥವಾಗದು. "ದಯವಿಟ್ಟು ಹಳೆಯ ರೀತಿಯಲ್ಲಿ ಬರೆದು ಕಳುಹಿಸಿ" ಎಂದು ನಮ್ಮವನು ವಿನಯದಿಂದಲೇ ಬರೆದ. ವಿದ್ಯಾರ್ಥಿ ತಿದ್ದಿ ಕಳುಹಿಸಿದ. ಈ ಸಲ ಪದದ ಮುಂಭಾಗವನ್ನು ಕತ್ತರಿಸುವ ಒಂದು ಚಿಕ್ಕ ಉಪಕರಣವನ್ನು ಬಳಸಿದ್ದ, ಅದು 3.9ರಲ್ಲಿ ಹುಟ್ಟಿದ್ದು. ಮತ್ತೆ ಹಿಂದಕ್ಕೆ ಹೋಯಿತು. ಮೂರನೆಯ ಸಲ ಉತ್ತರವೇ ಬರಲಿಲ್ಲ.

"ಅವನು ಕಾಲೇಜಿನಲ್ಲಿ ಕಲಿತದ್ದೇ ಹೊಸ ಆವೃತ್ತಿ, ಚಿಕ್ಕಪ್ಪ. ಹಳೆಯದರಲ್ಲಿ ಏನೇನಿಲ್ಲ ಎಂಬುದು ಅವನಿಗೆ ತಿಳಿಯುವುದಾದರೂ ಹೇಗೆ?"

"ಹಾಗಾದರೆ ನಿಯಮವನ್ನೇ ಏರಿಸಿಬಿಡು. ಕನಿಷ್ಠ 3.10 ಬೇಕು ಎಂದು ಹೇಳು. ಯಾರು ತಡೆದರು?"

"ಮೇಷ್ಟರು" ಎಂದ.

ಮೇಷ್ಟರೆಂದರೆ ಹಾಸನದ ಕಡೆಯ ಒಂದು ಹಳ್ಳಿಯಲ್ಲಿರುವ ನಿವೃತ್ತ ಉಪಾಧ್ಯಾಯರು. ತಮ್ಮ ಊರಿನ ಸ್ಥಳಪುರಾಣ, ಶಾಸನ, ದೇವಸ್ಥಾನದ ಲೆಕ್ಕಪತ್ರ ಎಲ್ಲವನ್ನೂ ಸಂಗ್ರಹಿಸಿ ಎಷ್ಟೋ ವರ್ಷಗಳ ಹಿಂದೆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟವರು. ಈಗ ಅದನ್ನು ಯೂನಿಕೋಡಿಗೆ ತರುತ್ತಿದ್ದಾರೆ. ಅವರ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7. ಅದನ್ನು ತಯಾರಿಸಿದವರು 2020ರ ಜನವರಿಯಲ್ಲಿಯೇ ಅದರ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರು. ಪೈಥಾನಿನಲ್ಲಿ ಆ ವಿಂಡೋಸಿನ ಮೇಲೆ ನಡೆಯುವ ಕೊನೆಯ ಆವೃತ್ತಿ 3.8, 3.9 ಅಲ್ಲಿ ಕಾಲೂರದು. ನಿಯಮವನ್ನು ಒಂದು ಮೆಟ್ಟಿಲು ಏರಿಸಿದರೂ ಮೇಷ್ಟರು ಹೊರಗೆ. ಹೊಸ ಯಂತ್ರ ಕೊಳ್ಳಿರೆಂದು ಹೇಳಬಹುದು. ಪಿಂಚಣಿಯಲ್ಲಿ ಬದುಕುವವರಿಗೆ ಹಾಗೆ ಹೇಳುವ ನಾಲಿಗೆ ನಮ್ಮ ಹುಡುಗನಿಗೆ ಇಲ್ಲ.

ಬಾಗಿಲಿನ ಒಳಗಿರುವ ವೃದ್ಧರೊಬ್ಬರು, ಹೊರಗಿನಿಂದಲೇ ಹಿಂದಿರುಗಿದ ಹುಡುಗನೊಬ್ಬ. ಯಾರ ಕಡೆಗೆ ನಿಲ್ಲುವುದು? ಥಟ್ಟನೆ ಕೇಳಿದ್ದರೆ ನಾನು ಮೇಷ್ಟರ ಕಡೆಗೆ ನಿಲ್ಲುತ್ತಿದ್ದೆ; ವಯಸ್ಸಿನ ಪಕ್ಷಪಾತವಿರಬೇಕು. ಆದರೆ ಇದೇ ಪೈಥಾನಿನ ಲೋಕದಲ್ಲಿ ಇದೇ ಜಗಳ ಇದಕ್ಕಿಂತ ಸಾವಿರ ಪಾಲು ದೊಡ್ಡದಾಗಿ ಹನ್ನೊಂದು ವರ್ಷ ನಡೆಯಿತೆಂದು ಹುಡುಗ ಹೇಳಿದ. ಆ ಕಥೆಯನ್ನು ಕೇಳಿ ನನ್ನ ಮನಸ್ಸು ಅಷ್ಟು ಸಲೀಸಾಗಿ ಒಂದು ಕಡೆಗೆ ವಾಲದೆ ಹೋಯಿತು.

ಪೈಥಾನ್ ಎಂದರೆ ಹೆಬ್ಬಾವು. ಆದರೆ ಈ ಭಾಷೆಗೆ ಆ ಹೆಸರು ಬಂದುದು ಹಾವಿನಿಂದಲ್ಲ, ಬಿ.ಬಿ.ಸಿ.ಯಲ್ಲಿ ಬರುತ್ತಿದ್ದ 'ಮಾಂಟಿ ಪೈಥಾನ್' ಎಂಬ ನಗೆನಾಟಕಗಳ ಮಾಲೆಯಿಂದ. ಹಾಲೆಂಡಿನ ಗೀಡೋ ವಾನ್ ರಾಸಮ್ ಎಂಬಾತ ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನ ಸಂಸ್ಥೆಯಲ್ಲಿದ್ದಾಗ, 1989ರ ಕ್ರಿಸ್‌ಮಸ್ ರಜೆಯಲ್ಲಿ ಕೈಗೆ ಕೆಲಸ ಬೇಕೆಂದು ಇದನ್ನು ಆರಂಭಿಸಿದನು. 1991ರಲ್ಲಿ ಲೋಕಕ್ಕೆ ಕೊಟ್ಟನು. ಇಂದು ವಿಜ್ಞಾನಿಗಳು, ಬ್ಯಾಂಕುಗಳು, ಶಾಲೆಯ ಮಕ್ಕಳು ಎಲ್ಲರೂ ಬಳಸುತ್ತಾರೆ.

ಬಳಕೆ ಹೆಚ್ಚಿದಂತೆ ಅದರ ಹುಟ್ಟುದೋಷಗಳೂ ಕಾಣತೊಡಗಿದವು. ಏಳನ್ನು ಎರಡರಿಂದ ಭಾಗಿಸೆಂದರೆ ಎರಡನೆಯ ಪೈಥಾನು ಮೂರು ಎಂದು ಹೇಳಿ ಸುಮ್ಮನಾಗುತ್ತಿತ್ತು, ಅರ್ಧವನ್ನು ನುಂಗಿಬಿಡುತ್ತಿತ್ತು. ಇದಕ್ಕಿಂತ ದೊಡ್ಡ ದೋಷ ಅಕ್ಷರಗಳದು, ಅದು ಕನ್ನಡಿಗರಾದ ನಮ್ಮನ್ನು ನೇರವಾಗಿ ತಟ್ಟುವಂಥದು. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರವೆಂದು ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎಂದೀತು. ಯೂನಿಕೋಡಿನ ಲೆಕ್ಕದಲ್ಲಿ ಐದು: ಕ, ನ, ಒತ್ತನ್ನು ಸೂಚಿಸುವ ಅರ್ಧಚಿಹ್ನೆ, ಇನ್ನೊಂದು ನ, ಡ. ಇದೂ ನ್ಯಾಯವೇ. ಎರಡನೆಯ ಪೈಥಾನನ್ನು ವಿಶೇಷ ಸೂಚನೆಯಿಲ್ಲದೆ ಕೇಳಿದರೆ ಹದಿನೈದು ಎನ್ನುತ್ತಿತ್ತು! ಯಂತ್ರದ ಒಳಗೆ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟು ಜಾಗ ಬೇಕು; ಪೈಥಾನು ಅಕ್ಷರಗಳನ್ನು ಎಣಿಸದೆ ಬೈಟುಗಳನ್ನು ಎಣಿಸುತ್ತಿತ್ತು. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದೇ ಬೈಟಾದುದರಿಂದ ಅವರಿಗೆ ಈ ತಪ್ಪು ಬಹುಕಾಲ ಕಾಣಲೇ ಇಲ್ಲ. ಇಂಗ್ಲಿಷ್ ಹೆಸರುಗಳೊಡನೆ ವರ್ಷಗಟ್ಟಲೆ ಸುಗಮವಾಗಿ ನಡೆದ ಪ್ರೋಗ್ರಾಮು, ಕನ್ನಡದ್ದೋ ರಷ್ಯನ್ನಿನದ್ದೋ ಒಂದು ಹೆಸರು ಒಳಗೆ ಬಂದೊಡನೆ ಮುಗ್ಗರಿಸಿ ಬೀಳುತ್ತಿತ್ತು.

ತೇಪೆ ಹಚ್ಚಿ ಸರಿಮಾಡುವ ದೋಷ ಇದಲ್ಲವೆಂದು ಗೀಡೋ ಮತ್ತು ಅವನ ಸಂಗಡಿಗರು ತೀರ್ಮಾನಿಸಿದರು. 2008ರ ಡಿಸೆಂಬರ್ 3ರಂದು ಪೈಥಾನ್ 3 ಹೊರಬಂದಿತು. ಅದರಲ್ಲಿ ಏಳರ ಅರ್ಧ ಮೂರೂವರೆ; 'ಕನ್ನಡ'ಕ್ಕೆ ಐದು. ಆದರೆ ಹಳೆಯ ಪ್ರೋಗ್ರಾಮುಗಳಲ್ಲಿ ಬಹುಪಾಲು ಅದರಲ್ಲಿ ಇದ್ದಂತೆಯೇ ನಡೆಯವು. ಇದನ್ನು ತಿಳಿದೇ ಮಾಡಿದರು. ಎಲ್ಲರೂ ಕೆಲವು ವರ್ಷಗಳಲ್ಲಿ ಹೊಳೆ ದಾಟಿ ಬರುವರೆಂದು ನಂಬಿ, 2010ರಲ್ಲಿ 2.7ನೆಯ ಆವೃತ್ತಿಯನ್ನು ಆ ವಂಶದ ಕೊನೆಯದೆಂದು ಕೊಟ್ಟು, 2015ರವರೆಗೆ ಮಾತ್ರ ಅದರ ಯೋಗಕ್ಷೇಮ ನೋಡುವೆವೆಂದರು.

ಯಾರೂ ದಾಟಲಿಲ್ಲ. ದಾಟಲಿಲ್ಲವೆಂದರೆ ಅತಿಯಾಯಿತು; ಕೆಲವರು ದಾಟಿದರು, ಹಲವರು ದಡದಲ್ಲಿ ನಿಂತು ನೋಡಿದರು. ಪ್ರತಿಯೊಂದು ಪ್ರೋಗ್ರಾಮೂ ಇತರ ಹತ್ತಾರು ಪ್ರೋಗ್ರಾಮುಗಳ ಹೆಗಲ ಮೇಲೆ ನಿಂತಿರುತ್ತದೆ. ನೀವು ದಾಟಿದರೆ ನಾವು ದಾಟುತ್ತೇವೆ ಎಂದು ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತರು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಗೀಡೋವಿನ ತಂಡದ ತಪ್ಪೂ ಉಂಟು. ಮನೆಯನ್ನು ದುರಸ್ತಿ ಮಾಡುವವರು ಒಂದು ಕೋಣೆಯಾದ ಮೇಲೆ ಇನ್ನೊಂದು ಕೋಣೆಗೆ ಕೈಹಾಕುತ್ತಾರೆ. ಇವರು ಎಲ್ಲ ಕೋಣೆಗಳ ಹಂಚನ್ನೂ ಒಂದೇ ದಿನ ಇಳಿಸಿದರು. ತಮ್ಮ ಅವಸರವನ್ನು ತಾವೂ ಮನಗಂಡಿರಬೇಕು: ಕಿತ್ತುಹಾಕಿದ್ದ ಒಂದು ಹಳೆಯ ಬರವಣಿಗೆಯ ರೂಢಿಯನ್ನು 2012ರ 3.3ನೆಯ ಆವೃತ್ತಿಯಲ್ಲಿ ಮರಳಿ ಸೇರಿಸಿಕೊಂಡರು. 2014ರಲ್ಲಿ 2.7ರ ಆಯುಸ್ಸನ್ನು 2020ರವರೆಗೆ ವಿಸ್ತರಿಸಿದರು.

ಈ ನಡುವಿನ ವರ್ಷಗಳಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದವರ ಪಾಡನ್ನು ವಾಚಕರು ಊಹಿಸಬೇಕು. ಎರಡು ದಡದವರಿಗೂ ಸಲ್ಲುವಂತೆ ಬರೆಯಬೇಕು. ಎರಡರಲ್ಲಿಯೂ ನಡೆಯುವ ಪದಗಳನ್ನೇ ಹುಡುಕಿ ಹುಡುಕಿ ಇಡಬೇಕು. ಹೊಸದರ ಅನುಕೂಲಗಳಲ್ಲಿ ಒಂದನ್ನೂ ಮುಟ್ಟುವಂತಿಲ್ಲ. ಇದಕ್ಕೆಂದೇ ಬೆಂಜಮಿನ್ ಪೀಟರ್ಸನ್ ಎಂಬುವರು ಒಂದು ಸಹಾಯಕ ಪ್ರೋಗ್ರಾಮನ್ನು ಬರೆದು ಅದಕ್ಕೆ 'ಸಿಕ್ಸ್' ಎಂದು ಹೆಸರಿಟ್ಟರು. ಏಕೆ ಆರು? ಎರಡು ಮೂರ್ಲ ಆರು. ಎರಡನೆಯ ಪೈಥಾನಿಗೂ ಮೂರನೆಯದಕ್ಕೂ ಸಲ್ಲುವುದರಿಂದ! ಮಗ್ಗಿಯ ಹಾಸ್ಯ ಸೊಗಸಾಗಿಯೇ ಇದೆ. ಆದರೆ ವರ್ಷಗಟ್ಟಲೆ ಆ ಮಗ್ಗಿಯನ್ನೇ ಒಪ್ಪಿಸುತ್ತಿರಬೇಕೆಂದರೆ ಯಾವ ಹೊಸ ಹುಡುಗ ತಾನೇ ಬಂದಾನು? ತಾನು ಕಲಿಯದ ಭಾಷೆಯಲ್ಲಿ, ತಾನು ಕಾಣದ ಯಂತ್ರಗಳಿಗಾಗಿ, ಬಿಡುವಿನ ವೇಳೆಯನ್ನು ಕೊಡೆಂದು ಯಾವ ಬಾಯಿಂದ ಕೇಳುವುದು? ಬಳಸುವವರ ದಾಕ್ಷಿಣ್ಯಕ್ಕೆ ಹಳೆಯ ಆವೃತ್ತಿಯನ್ನು ಉಳಿಸಿಕೊಂಡವರು ಕೈಗೂಡಿಸುವವರನ್ನು ಕಳೆದುಕೊಳ್ಳುತ್ತಾರೆ. ಬಳಸುವವರು ದೂರು ಕೊಟ್ಟು ಹೋಗುತ್ತಾರೆ, ಅವರ ಸದ್ದು ಕೇಳುತ್ತದೆ. ಕೈಗೂಡಿಸಲು ಬಂದವನು ಮಾತಾಡದೆ ಹೋಗುತ್ತಾನೆ. ಆದುದರಿಂದ ಈ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ.

ಕೊನೆಗೆ ಗಂಟು ಬಿಚ್ಚಿದವರು ವಿಜ್ಞಾನಿಗಳ ಉಪಕರಣಗಳನ್ನು ನೋಡಿಕೊಳ್ಳುವ ಯೋಜನೆಗಳವರು. ಐಪೈಥಾನ್, ಮ್ಯಾಟ್‌ಪ್ಲಾಟ್‌ಲಿಬ್, ಪಾಂಡಾಸ್, ನಮ್‌ಪೈ ಮೊದಲಾದ ಯೋಜನೆಗಳು ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿ, 2020ಕ್ಕೆ ಮೀರದಂತೆ ಎರಡನೆಯ ಪೈಥಾನನ್ನು ಕೈಬಿಡುವೆವೆಂದು ಮುಂಚಿತವಾಗಿ ಸಾರಿದವು. ಒಬ್ಬರ ಮುಖವನ್ನೊಬ್ಬರು ನೋಡುವ ಆಟ ಅಲ್ಲಿಗೆ ಮುಗಿಯಿತು. ಐಪೈಥಾನ್ 2017ರ ಏಪ್ರಿಲಿನಲ್ಲಿ ಮೊದಲು ಹೊಳೆಗೆ ಇಳಿಯಿತು. ಜಾಂಗೋ ಎಂಬ ಇನ್ನೊಂದು ಪ್ರಸಿದ್ಧ ಯೋಜನೆ ಅದೇ ವರ್ಷದ ಡಿಸೆಂಬರಿನಲ್ಲಿ ದಾಟಿತು. ಈ ಜಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ಪ್ರಾಂತದ ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ, 2003ರಲ್ಲಿ. ಪತ್ರಿಕೆಯವನಾದ ನನಗೆ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ನಮ್‌ಪೈ 2019ರ ಜುಲೈಯಲ್ಲಿ ದಾಟಿತು. ಅದೇ ವರ್ಷ ಏಪ್ರಿಲಿನಲ್ಲಿ ಜಗತ್ತು ಮೊತ್ತಮೊದಲು ಕಂಡ ಕೃಷ್ಣರಂಧ್ರದ ಚಿತ್ರವನ್ನು ಲೆಕ್ಕ ಹಾಕುವುದರಲ್ಲಿ ನಮ್‌ಪೈಯ ಕೈವಾಡವೂ ಇತ್ತು.

ಇಲ್ಲಿ ಒಂದು ಚಿಕ್ಕ ಏರ್ಪಾಡಿನ ಮಾತನ್ನು ಬಿಡಿಸಿ ಹೇಳಬೇಕು. ಮೇಷ್ಟರ ಪ್ರಶ್ನೆಗೆ ಉತ್ತರ ಅಲ್ಲಿ ಅಡಗಿದೆ. ಪೈಥಾನಿನ ಪ್ರೋಗ್ರಾಮುಗಳನ್ನು ಉಗ್ರಾಣದಿಂದ ತಂದುಕೊಡುವ 'ಪಿಪ್' ಎಂಬ ಆಳೊಬ್ಬನಿದ್ದಾನೆ. ಮೊದಲೆಲ್ಲ ಇವನು ಕೇಳಿದವರಿಗೆಲ್ಲ ತೀರ ಹೊಸದನ್ನೇ ತಂದು ಸುರಿಯುತ್ತಿದ್ದ. ಅವರ ಯಂತ್ರಕ್ಕೆ ಅದು ಒಗ್ಗುವುದೇ ಇಲ್ಲವೇ ಎಂಬ ಗೊಡವೆ ಇರಲಿಲ್ಲ. ಆದುದರಿಂದ ಕನಿಷ್ಠ ಆವೃತ್ತಿಯನ್ನು ಏರಿಸಿದ ಮರುದಿನವೇ ಹಳೆಯ ಯಂತ್ರದವರ ಪ್ರೋಗ್ರಾಮು ಮುರಿದು ಬೀಳುತ್ತಿತ್ತು. 2016ರ ನವೆಂಬರಿನಲ್ಲಿ ಬಂದ ಒಂಬತ್ತನೆಯ ಪಿಪ್‌ಗೆ ಹೊಸ ಬುದ್ಧಿ ಕಲಿಸಿದರು. ಪ್ರತಿಯೊಂದು ಕಟ್ಟಿನ ಮೇಲೂ 'ಇದಕ್ಕೆ ಇಂಥ ಆವೃತ್ತಿ ಬೇಕು' ಎಂಬ ಚೀಟಿ. ಪಿಪ್ ಆ ಚೀಟಿಯನ್ನು ಓದಿ, ಗಿರಾಕಿಯ ಯಂತ್ರವನ್ನು ನೋಡಿ, ಅದಕ್ಕೆ ಒಗ್ಗುವ ಕೊನೆಯ ಕಟ್ಟನ್ನೇ ತಂದುಕೊಡುತ್ತಾನೆ. ಐಪೈಥಾನಿನವರು ಹೊಳೆಗೆ ಇಳಿಯುವ ಮೊದಲು ಈ ಸೇತುವೆಯನ್ನು ಗಟ್ಟಿಮಾಡಿಸಿಕೊಂಡರು. ಹೊಸದು ಹೊಸಬರಿಗೆ, ಹಳೆಯದು ಹಳಬರಿಗೆ. ಹಳಬರಿಗೆ ಇನ್ನು ಮುಂದೆ ಹೊಸ ಸೌಕರ್ಯ ಸಿಗದು, ನಿಜ. ಇದ್ದುದನ್ನು ಯಾರೂ ಕಸಿದುಕೊಳ್ಳುವುದಿಲ್ಲ.

2.7ರ ಕೊನೆಯ ಪ್ರಕಟಣೆ 2020ರ ಏಪ್ರಿಲ್ 20ರಂದು ಆಯಿತು. ಇನ್ನೊಮ್ಮೆ ಹನ್ನೊಂದು ವರ್ಷದ ಜಗಳ ಬೇಡವೆಂದು ನಮ್‌ಪೈಯವರು 2019ರಲ್ಲಿ ಒಂದು ಕಟ್ಟಳೆ ಬರೆದುಕೊಂಡರು: ನಲವತ್ತೆರಡು ತಿಂಗಳೊಳಗೆ ಹೊರಬಂದ ಪೈಥಾನುಗಳಿಗೆ ನಮ್ಮ ಹೊಣೆ, ಅದಕ್ಕಿಂತ ಹಳೆಯದಕ್ಕೆ ಇಲ್ಲ. ಪೈಥಾನಿನವರೂ ಈಗ ವರ್ಷಕ್ಕೊಂದು ಆವೃತ್ತಿ, ಪ್ರತಿಯೊಂದಕ್ಕೆ ಐದು ವರ್ಷ ಆಯುಸ್ಸು ಎಂದು ಗೊತ್ತುಮಾಡಿದ್ದಾರೆ. ಕಟ್ಟಳೆ ಇದ್ದರೆ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಯಾರನ್ನು ಯಾವಾಗ ಬಿಡುವುದೆಂದು ಪ್ರತಿಸಲವೂ ಮನಸ್ಸು ನೋಯಿಸಿಕೊಳ್ಳಬೇಕಾಗಿಲ್ಲ.

ಎಲ್ಲರೂ ಹೀಗೆ ಹೊರಟರೆಂದಲ್ಲ. ಕಂಪ್ಯೂಟರಿನಲ್ಲಿ ಪುಸ್ತಕ ಓದುವ ಅಭ್ಯಾಸವಿರುವವರು 'ಕ್ಯಾಲಿಬರ್' ಎಂಬ ತಂತ್ರಾಂಶವನ್ನು ಬಲ್ಲರು. 2006ರಲ್ಲಿ ಅದನ್ನು ಆರಂಭಿಸಿದ ಕೋವಿದ್ ಗೋಯಲ್ ಅವರು, ಬೇಕಾದರೆ ಎರಡನೆಯ ಪೈಥಾನನ್ನು ತಾನೇ ಸಾಕಿಕೊಳ್ಳುವೆನೆಂಬ ಅರ್ಥದ ಮಾತನ್ನು ಒಮ್ಮೆ ಹೇಳಿದ್ದರು. ಅಷ್ಟು ಆತ್ಮವಿಶ್ವಾಸ! ಆದರೆ ಇತರ ಸ್ವಯಂಸೇವಕರೂ ಕೈಹಚ್ಚಿದ್ದರಿಂದ 2020ರ ಸೆಪ್ಟೆಂಬರಿನಲ್ಲಿ ಐದನೆಯ ಆವೃತ್ತಿಯೊಡನೆ ಕ್ಯಾಲಿಬರೂ ದಾಟಿತು. ಹೊರಗಿನವರು ಅದಕ್ಕೆಂದು ಬರೆದಿದ್ದ ಚಿಕ್ಕಪುಟ್ಟ ಜೋಡಣೆಗಳಲ್ಲಿ, ತಿದ್ದುವವರಿಲ್ಲದವು ಹಿಂದಿನ ದಡದಲ್ಲಿಯೇ ಉಳಿದವು.

ಇದಕ್ಕೆ ವಿರುದ್ಧದ ದಾರಿ ವರ್ಡ್‌ಪ್ರೆಸ್ಸಿನದು. ಜಾಲತಾಣಗಳನ್ನು ಕಟ್ಟುವ ಈ ತಂತ್ರಾಂಶ ಪಿ.ಎಚ್.ಪಿ. ಎಂಬ ಭಾಷೆಯನ್ನು ನೆಚ್ಚಿಕೊಂಡಿದೆ. ಅದನ್ನು ಬಳಸುವವರು ಅಡುಗೆಯ ವಿಧಾನ ಬರೆಯುವ ಗೃಹಿಣಿಯರು, ಚಿಕ್ಕ ಅಂಗಡಿಯವರು, ಸಂಘಗಳ ಕಾರ್ಯದರ್ಶಿಗಳು, ಪಿ.ಎಚ್.ಪಿ. ಎಂದರೇನೆಂದೇ ಅರಿಯರು. ಅವರನ್ನು ಬಿಡಬಾರದೆಂದು 2011ರಿಂದ 2019ರವರೆಗೆ 5.2ನೆಯ ಪಿ.ಎಚ್.ಪಿ.ಯನ್ನೇ ಕನಿಷ್ಠವೆಂದು ಇಟ್ಟುಕೊಂಡಿದ್ದರು. ಅದನ್ನು ತಯಾರಿಸಿದವರು ಅದಕ್ಕೆ 2011ರ ಆದಿಯಲ್ಲಿಯೇ ಎಳ್ಳುನೀರು ಬಿಟ್ಟಿದ್ದರು! ಕೊನೆಗೆ ಏರಿಸುವಾಗ ಒಂದು ಸೌಜನ್ಯದ ಕೆಲಸ ಮಾಡಿದರು: 2019ರ ಫೆಬ್ರವರಿಯ ಆವೃತ್ತಿಯಲ್ಲಿ, ಹಳೆಯ ಪಿ.ಎಚ್.ಪಿ. ಇರುವ ತಾಣಗಳ ಒಡೆಯರಿಗೆ ಮಾತ್ರ ಕಾಣುವಂತೆ, ಹೀಗೆ ಹೀಗೆ ಮಾಡಿಕೊಳ್ಳಿರೆಂದು ಎಚ್ಚರಿಕೆಯ ಫಲಕ ಹಾಕಿ, ಮೇ ತಿಂಗಳಲ್ಲಿ ನಿಯಮವನ್ನು ಬದಲಿಸಿದರು. ಎಂಟು ವರ್ಷ ಕಾದುದು ಹೆಚ್ಚಾಯಿತೆಂದೇ ನನಗೆ ತೋರುತ್ತದೆ. ಫಲಕ ಹಾಕಿದ್ದು ಮಾತ್ರ ಮೆಚ್ಚತಕ್ಕ ಮಾತು.

ಭಾವುಕತೆಗೆ ಸ್ವಲ್ಪವೂ ಎಡೆಗೊಡದವರೂ ಉಂಟು. ಲೈನಸ್ ಟಾರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಬರೆಯತೊಡಗಿದ್ದು 386 ಎಂಬ ಇಂಟೆಲ್ ಚಿಪ್ಪಿನ ಯಂತ್ರದ ಮೇಲೆ. 2012ರ ಡಿಸೆಂಬರಿನಲ್ಲಿ ಆ ಚಿಪ್ಪಿಗೇ ಲಿನಕ್ಸಿನಲ್ಲಿ ಸ್ಥಳವಿಲ್ಲವೆಂದು ತೀರ್ಮಾನವಾಯಿತು. ಹುಟ್ಟಿದ ಮನೆಯನ್ನು ಮಾರಿದಂತೆ. ಅವರಿಗೆ ಅದರಿಂದ ದುಃಖವೇನೂ ಆದಂತಿರಲಿಲ್ಲ.

ಇಷ್ಟು ಕೇಳಿದ ಮೇಲೆ ನಾನು ಅಣ್ಣನ ಮಗನಿಗೆ ಏನು ಹೇಳಿದೆನೆಂಬುದನ್ನು ವಾಚಕರಿಂದ ಮುಚ್ಚಿಡಲಾರೆ. "ಏರಿಸು, ಆದರೆ ಹೇಳಿ ಏರಿಸು" ಎಂದೆ. ಅವನು ನೆಚ್ಚಿಕೊಂಡಿರುವ 3.8ನ್ನು ಪೈಥಾನಿನವರೇ 2024ರ ಅಕ್ಟೋಬರಿನಲ್ಲಿ ಕೈಬಿಟ್ಟಿದ್ದಾರೆ. ಅದರಲ್ಲಿ ನಾಳೆ ಯಾವ ಬಿರುಕು ಕಂಡರೂ ಮುಚ್ಚುವವರಿಲ್ಲ. ಒಬ್ಬನೇ ಕುಳಿತು ಅದನ್ನು ಹಿಡಿದು ನಿಲ್ಲಿಸಿಕೊಂಡಿದ್ದರೆ, ಇವನಿಗೆ ಬೇಸರವಾದ ದಿನ ಮೇಷ್ಟರಿಗೂ ಪ್ರೋಗ್ರಾಮು ಇಲ್ಲ, ವಿದ್ಯಾರ್ಥಿಗೂ ಇಲ್ಲ. ಲಾಭಕ್ಕಾಗಿ ನಡೆಯುವ ದೊಡ್ಡ ಕಚೇರಿಗಳು ಹಳೆಯದೇ ಬೇಕೆಂದು ಹಟ ಹಿಡಿದರೆ ನನಗೆ ಕಿಂಚಿತ್ತೂ ಮರುಕವಿಲ್ಲ. ಹಣ ತೆತ್ತು ಆಳಿಟ್ಟುಕೊಳ್ಳಲಿ. ಮೇಷ್ಟರ ಮಾತು ಬೇರೆ. ಅವರಿಗೆ ಫಲಕ ಸಾಲದು, ಬಾಯಲ್ಲಿ ಹೇಳಬೇಕು.

ಹುಡುಗ ಮೂರು ತಿಂಗಳು ಮುಂಚೆ ಪ್ರಕಟಣೆ ಹಾಕಿದ. 3.8ರಲ್ಲಿ ನಡೆಯುವ ಕೊನೆಯ ಆವೃತ್ತಿಯನ್ನು ಒಪ್ಪ ಮಾಡಿ ಬೇರೆಯಾಗಿ ಎತ್ತಿಟ್ಟು, ಅದಕ್ಕೂ ಹೊಸದಕ್ಕೂ ಸರಿಯಾದ ಚೀಟಿ ಅಂಟಿಸಿದ. ಮುಂದಿನ ಆವೃತ್ತಿಗೆ ಕನಿಷ್ಠ 3.10 ಎಂದು ಬರೆದ. ಆ ವಿದ್ಯಾರ್ಥಿ ಮೊಟ್ಟಮೊದಲು ಕಳುಹಿಸಿದ್ದ ತಿದ್ದುಪಡಿಯನ್ನು, ಒಂದಕ್ಷರವನ್ನೂ ಬದಲಿಸದೆ, ಅದರಲ್ಲಿ ಸೇರಿಸಿಕೊಂಡು ಅವನಿಗೆ ಕಾಗದ ಬರೆದ. ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಎರಡು ಸಾಲಿನ ಉತ್ತರ: ಪರೀಕ್ಷೆಗಳಿವೆ, ಮುಗಿದ ಮೇಲೆ ಇನ್ನೂ ಎರಡು ತಪ್ಪುಗಳನ್ನು ನೋಡುತ್ತೇನೆ, ಎಂದು. ಈ ನಡುವೆ ಬೇರೊಬ್ಬರೂ ಒಂದು ತಿದ್ದುಪಡಿ ಕಳುಹಿಸಿದರು. ನಿಯಮ ಏರಿದುದರಿಂದಲೇ ಬಂದರೋ, ಹೇಗೂ ಬರುತ್ತಿದ್ದರೋ, ಅದನ್ನು ಅಳೆಯುವ ಅಳತೆಗೋಲು ನಮ್ಮಲ್ಲಿಲ್ಲ.

ಮೇಷ್ಟರಿಗೆ ಟೆಲಿಫೋನು ಮಾಡಿದಾಗ ನಾನೂ ಪಕ್ಕದಲ್ಲಿದ್ದೆ. ಹುಡುಗ ತಡವರಿಸುತ್ತ ಎಲ್ಲವನ್ನೂ ಹೇಳಿದ. ಅವರು ಸಾವಧಾನವಾಗಿ ಕೇಳಿ, ಒಂದೇ ಪ್ರಶ್ನೆ ಕೇಳಿದರು: "ಅರ್ಘ್ಯ ಸರಿಹೋಯಿತೇನಪ್ಪ?"

ಸರಿಹೋದದ್ದು ಹೊಸದರಲ್ಲಿ ಮಾತ್ರವೆಂದು ಇವನು ಹೇಳಲೇಬೇಕಾಯಿತು. ಪುರಾಣ, ಪೂಜೆಗಳ ಬರಹವಾದುದರಿಂದ ಆ ಪದ ಅವರ ಪುಟಗಳಲ್ಲಿ ಹೆಜ್ಜೆಗೊಮ್ಮೆ ಬರುತ್ತದೆ. ಬೇಕಾದರೆ ಆ ತಿದ್ದುಪಡಿಯನ್ನು ಹಳೆಯ ಆವೃತ್ತಿಗೆ ಒಗ್ಗುವಂತೆ ಬರೆದುಕೊಡುವೆನೆಂದ. ಎಷ್ಟು ಹೊತ್ತಿನ ಕೆಲಸವೆಂದು ಮೇಷ್ಟರು ವಿಚಾರಿಸಿದರು. ಎರಡು ಭಾನುವಾರ, ಎಂದ.

"ಬೇಡ ಮಗು. ನೂರ ಹನ್ನೆರಡನೆಯ ಪುಟದಲ್ಲಿದ್ದೇನೆ, ಉಳಿದಿರುವುದು ಎಂಬತ್ತು. ಅರ್ಘ್ಯ ಎಲ್ಲೆಲ್ಲಿ ಬರುತ್ತದೆಂದು ನನಗೆ ಗೊತ್ತಿದೆ, ಕೈಯಿಂದಲೇ ತಿದ್ದುತ್ತೇನೆ. ನೀನು ಆ ಹುಡುಗನ ಪರೀಕ್ಷೆ ಮುಗಿದ ಮೇಲೆ ಅವನ ಜೊತೆಗೆ ಕೂತುಕೋ."

ಅತ್ತಿಗೆಯವರಿಗೆ ನನ್ನ ತೀರ್ಪನ್ನು ಇನ್ನೂ ತಿಳಿಸಿಲ್ಲ. ದೀಪ ಈಗಲೂ ಹನ್ನೆರಡರವರೆಗೆ ಉರಿಯುತ್ತದೆಯಂತೆ.